ತಂಬೂರಿಯೊಳಗಿನ ಜವಾರಿ

"ಇದರಾಗ ಜವಾರಿ ಇಲ್ಲಲ್ರೀ," ಎಂದು ಮುಳಗುಂದದ ಹಿರಿಯ ಗಾಯಕರು ನನ್ನ ತಂಬೂರಿಯನ್ನು ಕೆಳಗಿಟ್ಟರು. ಬೆಟಗೇರಿಯಲ್ಲಿ ಅಂದು ಏಕೀಕರಣದ ಸಮಾರಂಭ. ಇನ್ನೊಂದು ತಾಸಿಗೆ ನನ್ನ ಮಗಳು ಗಿರಿಜಾ ಮೊದಲ ಸಲ ಮಂದಿಯೆದುರು ಹಾಡಬೇಕಿತ್ತು.

ನಮ್ಮ ಕಡೆ ಜವಾರಿ ಎಂದರೆ ಊರ ಹತ್ತಿ, ಊರ ಕೋಳಿ. ನನಗೆ ಸಿಟ್ಟೇ ಬಂತು. "ಜವಾರಿ ಯಾಕ ಇರತೈತ್ರಿ? ಇದು ಖರೆ ಮೀರಜದ ಮಾಲು. ಹಳೇದನ್ನ ಚೌಕಾಸಿ ಮಾಡಿ ತಂದು ಹೊಸ ತಂತಿ ಹಾಕಿಸೇನಿ, ತಗ್ಗಿನ ಸಾ ನುಡಿಯೂ ಖರ್ಜದ ತಂತಿನೂ ದಪ್ಪಂದು ಹಾಕಿಸೇನಿ," ಎಂದೆ. ಆದರೆ ಮೀಟಿದರೆ ಕೊಡಪಾನ ಬಡಿದಂಥ ಸಪ್ಪಳ. "ಅಪ್ಪಾ, ಇದರ ಕೂಡ ನಾ ಹಾಡಾಂಗಿಲ್ಲ," ಎನ್ನುವಾಗ ಗಿರಿಜಾಳ ಕಣ್ಣು ತುಂಬಿದ್ದವು.

ಗಾಯಕರು ನಕ್ಕರು. "ಸಾವಕಾರ್ರ, ಯಾವ ಊರಿನ ಮಾಲು ಅಂತ ನಾ ಕೇಳಲಿಲ್ಲ. ತಂತಿ ಗುಂಯ್ ಅನ್ನೂದಕ್ಕ ಜವಾರಿ ಅಂತಾರ. ತಂತಿ ಕುಂಡ್ರೂ ಕುದುರಿ ಮ್ಯಾಲ ನೂಲಿನ ಎಳಿ ಇದ್ದುವಲ್ಲ, ಎಲ್ಲಿ ಹೋದುವು?"

ತಂಬೂರಿ ಒರೆಸುವಾಗ ಹೊಲಸೆಂದು ನಾನೇ ಕಿತ್ತೊಗೆದಿದ್ದೆ. ಒಪ್ಪಿಕೊಂಡೆ. ಅವರು ನನ್ನ ಹೊಸ ಧೋತರದ ಅಂಚಿನಿಂದ ನಾಲ್ಕು ಎಳೆ ಹಿರಿದು, ಒಂದೊಂದು ತಂತಿಯ ಕೆಳಗೆ ಒಂದೊಂದನ್ನು ಸೇರಿಸಿ, ಚೂರುಚೂರೇ ಸರಿಸುತ್ತ ಮೀಟಿದರು. ಖರ್ಜದ ತಂತಿ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಗಿರಿಜಾ ಕಣ್ಣೊರೆಸಿಕೊಂಡು ಷಡ್ಜ ಹಚ್ಚಿದಳು.

ತಂಬೂರಿ ಕೊಳ್ಳುವವರಿಗೆ ನನ್ನ ಮಾತಿಷ್ಟು: ಬೆಲೆಯಲ್ಲಿ ಎಷ್ಟಾದರೂ ಜಗ್ಗಾಡಿರಿ, ಆದರೆ ಒರೆಸುವ ಮೊದಲು ನುಡಿಸುವವರನ್ನು ಕೇಳಿರಿ. ಅಂದು ಮಗಳು ಏನು ಹಾಡಿದಳೋ ನೆನಪಿಲ್ಲ. ಅವಳ ದನಿಯ ಹಿಂದೆ ಆ ಗುಂಯ್ ಎನ್ನುವುದನ್ನು ಕೇಳುತ್ತ ಎದೆ ಹಗುರಾದದ್ದು ಮಾತ್ರ ನೆನಪಿದೆ.