ಪೆದ್ರು ಮಾಮ್ ಇದ್ದ ಮಗ್ಗುಲು

ನನ್ನ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟ ಗ್ರಾಮಫೋನ್ ತಟ್ಟೆಯೊಂದಿದೆ. ನೀವು ಎಂದಾದರೂ ನಮ್ಮ ಮನೆಗೆ ಬಂದರೆ ತೋರಿಸುತ್ತೇನೆ. ಅದರ ಒಂದು ಮಗ್ಗುಲು ನಿನ್ನೆ ತಾನೇ ಪೇಟೆಯಿಂದ ತಂದಂತೆ ಕರ್ರಗೆ ಹೊಳೆಯುತ್ತದೆ. ಇನ್ನೊಂದು ಮಗ್ಗುಲು, ಒಬ್ಬರಿಗಾಗಿ ಮತ್ತೆ ಮತ್ತೆ ಹಾಕಿದ್ದರಿಂದ, ಮುಳ್ಳು ಹರಿದು ಹರಿದು ಬೂದಿ ಬಣ್ಣಕ್ಕೆ ತಿರುಗಿದೆ. ಸಂಗೀತದ ಲೆಕ್ಕದಲ್ಲಿ ಹೊಳೆಯುವ ಮಗ್ಗುಲೇ ಮೇಲು. ಅದರಲ್ಲಿ ನನ್ನ ಕ್ಲಾರಿನೆಟ್ ಇದೆಯೆಂದು ಹೀಗೆ ಹೇಳುತ್ತಿಲ್ಲ. ಅದಕ್ಕಾಗಿಯೇ ಹೇಳುತ್ತಿದ್ದಾನೆಂದು ನೀವು ನಕ್ಕರೆ ಜಗಳಕ್ಕೂ ಬರುವುದಿಲ್ಲ.

ಐವತ್ತರ ದಶಕದಲ್ಲಿ ಕಾಪುವಿನಿಂದ ಕಾರ್ಕಳದವರೆಗೆ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯಾಗಲಿ, ಮರಣವಾಗಲಿ, ನಮ್ಮ ಬ್ಯಾಂಡಿಗೆ ಕರೆ ಬರುತ್ತಿತ್ತು. ನಾನು ಶಾಲೆಯ ಮಾಸ್ತರ. ಗಂಟೆ ಹೊಡೆದ ಮೇಲೆ ಕ್ಲಾರಿನೆಟ್ ಹಿಡಿಯುವವನು. ಬ್ಯಾಂಡು ಕಟ್ಟಿದವರು ಕಾಪುವಿನ ಪೆದ್ರು ಮಾಮ್. ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ಅವರದು. ಶವಪೆಟ್ಟಿಗೆಯ ಮುಂದೆ ಇಗರ್ಜಿಯವರೆಗೆ ನಡೆಯುತ್ತ ನುಡಿಸುವ ಒಂದು ನಿಧಾನದ ರಾಗವನ್ನು ಅವರೇ ಕಟ್ಟಿದ್ದರು. ಮರಣದ ರಾಗ ಮನೆಯೊಳಗೆ ಕೇಳಿದರೆ ಮರಣವೇ ಹೊಸ್ತಿಲು ದಾಟಿ ಬರುತ್ತದೆಂದು ನಮ್ಮವರ ನಂಬಿಕೆ. ಆದ್ದರಿಂದ ಅದರ ಅಭ್ಯಾಸಕ್ಕೆ ಅವರು ಕಡಲ ದಂಡೆಗೆ ಹೋಗುತ್ತಿದ್ದರು. ಹೆಂಡತಿ ಸೆಲಿನ್ ಮಾಮಿಯ ಕಿವಿಗೆ ಬೀಳದಂತೆ, ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಿಕೊಂಡೇ ಊದಲು ತೊಡಗುತ್ತಿದ್ದರು.

ತಟ್ಟೆ ಮಾಡಿಸಬೇಕೆಂಬ ಹುಚ್ಚು ಹಿಡಿದದ್ದು ನನಗೆ. ಕಂಪೆನಿಗಳಿಗೆ ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಹಾಗಾದರೆ ನಾವೇ ಮಾಡಿಸೋಣ, ನಮ್ಮದೇ ಹೆಸರು ಅಚ್ಚು ಹಾಕಿಸೋಣ ಎಂದು ಹಟ ಹಿಡಿದೆ. ಧ್ವನಿ ಹಿಡಿಯುವ ಯಂತ್ರದವರೊಬ್ಬರು ಉಡುಪಿಗೆ ಬರುವ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಪೆದ್ರು ಮಾಮ್‌ರ ಮುಂದಿನ ಹಲ್ಲುಗಳು ಒಂದೊಂದೇ ಬಿದ್ದಿದ್ದವು. ಹಲ್ಲಿಲ್ಲದೆ ತುಟಿಗೆ ಆಧಾರವಿಲ್ಲ. ಆಧಾರವಿಲ್ಲದ ತುಟಿಯಿಂದ ಕಾರ್ನೆಟ್ಟಿನ ಮೇಲಿನ ಸ್ವರಗಳು ಏಳುವುದಿಲ್ಲ. ಕಾರ್ಕಳದ ಲಾರೆನ್ಸ್ ಎಂಬ ಹೊಸ ಹುರುಪಿನವನನ್ನು ಕಾರ್ನೆಟ್ಟಿಗೆ ನಾನು ಗೊತ್ತುಮಾಡಿ, ಪೆದ್ರು ಮಾಮ್‌ರ ಮನೆಗೆ ಹೋಗಿ, ನೀವು ಈ ಸಲ ಬರುವುದು ಬೇಡ ಎಂದು ಹೇಳಿಬಂದೆ. ಶಾಲೆಯಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವಷ್ಟೇ ಸಲೀಸಾಗಿ ಹೇಳಿದೆನೆಂದು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

"ಲಾರೆನ್ಸ್ ಚೆಂದ ಬಾರಿಸ್ತಾನೆ ಮಾಸ್ಟ್ರೇ, ಅವನೇ ಆಗಲಿ" ಎಂದರು ಅವರು. ಆಮೇಲೆ ಕಾರ್ನೆಟ್ಟನ್ನು ಒರೆಸುತ್ತ, "ಒಂದು ಸಲ ನನ್ನದೂ ಅದರಲ್ಲಿ ಇದ್ದಿದ್ದರೆ ಒಳ್ಳೆದಿತ್ತು. ಗಾಳಿಯ ಕೆಲಸ ಅಲ್ವಾ ಮಾರಾಯ, ಇಷ್ಟು ವರ್ಷ ಊದಿದ್ದು ಎಲ್ಲಿ ಉಂಟು ಈಗ?" ಎಂದರು.

ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬಡಗಿಗೆ ಅವನು ಮಾಡಿದ ಬಾಗಿಲು ಉಳಿಯುತ್ತದೆ, ಶಂಕರಪುರದ ಮಲ್ಲಿಗೆ ಕಟ್ಟುವವಳಿಗೆ ಸಂಜೆಯವರೆಗಾದರೂ ಮಾಲೆ ಉಳಿಯುತ್ತದೆ; ಉಸಿರಿನಿಂದ ದುಡಿಯುವವನಿಗೆ ಏನು ಉಳಿಯುತ್ತದೆ? ದಿನವಿಡೀ ಪಾಠ ಹೇಳುವ ನನ್ನ ಕಸುಬೂ ಅದೇ ಅಲ್ಲವೇ? ಆದರೆ ಅಂದು ನಾನು ಇಷ್ಟೆಲ್ಲ ಯೋಚಿಸಲಿಲ್ಲ, ಬಸ್ಸು ತಪ್ಪುತ್ತದೆಂದು ಎದ್ದುಬಂದೆ.

ದಿನ ಹತ್ತಿರ ಬಂದಾಗ ಲಾರೆನ್ಸನಿಗೆ ಮುಂಬಯಿಯ ಹೋಟೆಲಿನ ಬ್ಯಾಂಡಿನಿಂದ ಕರೆ ಬಂತು. ಅವನು ಹೋದ. ಡೋಲು ಬಾರಿಸುವವನು ಮಲ್ಪೆಯಲ್ಲಿ ಮೀನಿನ ದೋಣಿ ಸೇರಿದ. ಉಗುಳಿದ್ದನ್ನು ನೆಕ್ಕುವುದೆಂದರೇನೆಂದು ನನಗೆ ತಿಳಿದದ್ದು ಮತ್ತೆ ಪೆದ್ರು ಮಾಮ್‌ರ ಅಂಗಳ ತುಳಿದಾಗ. ಅವರು ಒಂದು ಕೊಂಕು ಮಾತನ್ನೂ ಆಡಲಿಲ್ಲ.

"ಮದುವೆಯದ್ದಕ್ಕೆ ಮೇಲಿನ ಸ್ವರ ಬೇಕು, ನನ್ನಿಂದ ಆಗುವುದಿಲ್ಲ, ಅದು ನಿಮ್ಮ ಕ್ಲಾರಿನೆಟ್ಟಿನಲ್ಲೇ ಆಗಲಿ. ನಿಧಾನದ್ದು ಆಗ್ತದೆ" ಎಂದರು.

"ಮರಣದ್ದಾ?" ಎಂದೆ ನಾನು.

"ನಾನು ಮಾಡಿದ್ದು ಅದೊಂದೇ ಅಲ್ವಾ?"

ಉಡುಪಿಯ ಆ ಕೋಣೆಯ ಕಿಟಕಿಗಳಿಗೆ, ಹೊರಗಿನ ಸದ್ದು ಬಾರದಂತೆ, ಹಾಸಿಗೆಗಳನ್ನು ಅಡ್ಡ ಕಟ್ಟಿದ್ದರು. ಒಂದು ಮಗ್ಗುಲಿಗೆ ನನ್ನ ಮುಂದಾಳತನದ ಮದುವೆಯ ಮೆರವಣಿಗೆಯ ರಾಗ ಮುಗಿಯಿತು. ಅಷ್ಟು ಹೊತ್ತೂ ಪೆದ್ರು ಮಾಮ್ ಮೂಲೆಯಲ್ಲಿ ಕೈಕಟ್ಟಿ ಕುಳಿತಿದ್ದರು. ಆಮೇಲೆ ಒಸಡಿಗೆ ಮೇಣದ ತುಂಡು ಒತ್ತಿಕೊಂಡು ಎದ್ದು ನಿಂತರು. ಅವರು ಊದಿದ ಆ ಮೂರು ನಿಮಿಷ ನಾನು ಕ್ಲಾರಿನೆಟ್ಟನ್ನು ತುಟಿಗೆ ಸೋಕಿಸಿದ್ದಷ್ಟೇ; ಊದದೆ ಅವರನ್ನೇ ಕೇಳುತ್ತ ನಿಂತೆ. ಸ್ವರಗಳ ನಡುವೆ ಅವರು ಉಸಿರೆಳೆದುಕೊಂಡದ್ದೂ ಆ ತಟ್ಟೆಯಲ್ಲಿ ಕೇಳಿಸುತ್ತದೆ.

ಆದರೆ ಬೆನ್ನಿಗೆ ಮರಣವನ್ನು ಅಂಟಿಸಿಕೊಂಡ ಮದುವೆಯನ್ನು ಯಾರು ಮನೆಗೆ ಒಯ್ದಾರು? ಮಗ್ಗುಲು ತಪ್ಪಿ ಹಾಕಿದರೆ ಮದುಮಗಳು ಎದ್ದು ಹೋದಾಳೆಂದು, ಮದುವೆಮನೆಗಳಲ್ಲಿ ತಟ್ಟೆ ಹಾಕುವ ಧ್ವನಿವರ್ಧಕದವರು ಕೈಮುಗಿದರು. ತಟ್ಟೆಗಳು ನನ್ನ ಅಟ್ಟದ ಮೇಲೆ ಕುಳಿತವು, ಧೂಳು ತಿಂದವು. ಪೆದ್ರು ಮಾಮ್ ತಮ್ಮ ಪಾಲಿನದನ್ನೂ ಮನೆಗೆ ಒಯ್ಯಲಿಲ್ಲ.

ಕೆಲವು ವರ್ಷಗಳಲ್ಲಿ ಒಬ್ಬ ಹಡಗು ಹತ್ತಿದ, ಇಬ್ಬರು ಮುಂಬಯಿ ಸೇರಿದರು, ಬ್ಯಾಂಡು ಎಂದರೆ ನಾನೊಬ್ಬನೇ ಎಂಬಂತಾಯಿತು. ಅರವತ್ತರ ದಶಕದ ನಡುವಿನಲ್ಲಿ ಪೆದ್ರು ಮಾಮ್ ತೀರಿಕೊಂಡರು. ಅವರು ಯಾರ ಪೆಟ್ಟಿಗೆಯ ಮುಂದೆ ನಡೆದಿರಲಿಲ್ಲ ಹೇಳಿ? ಅವರ ಪೆಟ್ಟಿಗೆಯ ಮುಂದೆ ನಡೆಯಲು ಬ್ಯಾಂಡಿರಲಿಲ್ಲ. ನಾನು ಶಂಕರಪುರದ ಒಬ್ಬರಿಂದ ಚಾವಿ ಕೊಡುವ ಗ್ರಾಮಫೋನನ್ನು ಬೇಡಿ ತಂದು, ಅಟ್ಟದಿಂದ ಒಂದು ತಟ್ಟೆ ಇಳಿಸಿ ಒರೆಸಿ, ಅವರ ಜಗಲಿಯ ಬೆಂಚಿನ ಮೇಲಿಟ್ಟೆ. ಹೊಸ್ತಿಲ ಬಳಿ ಆ ನಿಧಾನದ ರಾಗವನ್ನು ಹಾಕಲೇ ಎಂದು ಸೆಲಿನ್ ಮಾಮಿಯನ್ನು ಕೇಳಿದೆ. ಮಾಮಿ ಹೂಂ ಎಂದರು.

ಮುಗಿಯುವವರೆಗೂ ಅವರು ಪೆಟ್ಟಿಗೆಯ ಅಂಚಿನಿಂದ ಕೈ ತೆಗೆಯಲಿಲ್ಲ.

"ಇದು ಇಷ್ಟು ಚೆಂದ ಉಂಟಾ?" ಎಂದರು ಆಮೇಲೆ. "ಬೇರೆಯವರ ಮರಣದಲ್ಲಿ ಎಷ್ಟೋ ಸಲ ಕೇಳಿದ್ದೆ. ಆಗ ಸತ್ತವರಿಗೆ ಅಳುವುದು, ಬಾರಿಸುವವರನ್ನು ಯಾರು ನೋಡ್ತಾರೆ? ಮನೆಯಲ್ಲಿ ಒಂದು ದಿನವೂ ಬಾರಿಸಲಿಲ್ಲ ಇವರು."

ಪಾದ್ರಿಗಳು ಹೊರಡುವ ಸನ್ನೆ ಮಾಡಿದರು. ನಾನು ತಟ್ಟೆಯನ್ನು ಎತ್ತಿಕೊಳ್ಳುತ್ತಿದ್ದೆ.

"ಅದರ ಹಿಂದಿನ ಮಗ್ಗುಲಲ್ಲಿ ಎಂತ ಉಂಟು, ಬಾಬಾ?"

"ಮದುವೆಯದ್ದು, ಮಾಮಿ."

"ಅದರಲ್ಲಿ ಇವರು ಉಂಟಾ?"

"ಇಲ್ಲ" ಎಂದೆ.

"ಹಾಗಾದರೆ ಇದನ್ನೇ ಇನ್ನೊಂದು ಸಲ ಹಾಕು."