ಹುಸೇನಬಿಯ ಊಹೂಂ

ಹುಸೇನಬಿಯ ಬಾಯಿ ವರ್ಷದಲ್ಲಿ ಒಂದೇ ದಿನ ಮುಚ್ಚಿರುತ್ತಿತ್ತು. ಅದು ಬಿತ್ತುವ ದಿನ. ಅವತ್ತು ಅವಳ ಗಲ್ಲದ ತುಂಬ ಸವತಿಕಾಯಿ ಬೀಜ. ಮಗ ಮೆಹಬೂಬ ಎತ್ತು ಹೊಡೆದುಕೊಂಡು ಕೂರಿಗೆಯಲ್ಲಿ ಸಜ್ಜೆ ಬಿತ್ತುತ್ತ ಮುಂದೆ ಹೋದರೆ ಇವಳು ಹಿಂದೆ. ಸಜ್ಜೆ ಸಾಲಿನ ನಡುನಡುವೆ ಕಾಯಿಪಲ್ಯದ ಅಕ್ಕಡಿ ಸಾಲು ಹಾಕುವುದು ಅವಳ ಕೆಲಸ. ಒಂದು ಕೈಯಲ್ಲಿ ಪುಂಡಿ, ಇನ್ನೊಂದರಲ್ಲಿ ಅಲಸಂದಿ. ಮೂರನೆಯ ಕೈ ಇಲ್ಲವಲ್ಲ, ಸವತಿ ಬಾಯಿಂದ. ಅಲ್ಲಲ್ಲಿ ತುಪ್ ಅಂತ ಉಗುಳಿ ಕಾಲಿನಿಂದ ಮಣ್ಣೆಳೆಯುವಳು.

"ಎಂಜಲ ತಾಗಿದ್ರ ಬೀಜಕ್ಕ ಸಿಟ್ಟು ಬರತೈತಿ, ಲಗೂನ ಏಳತಾವ" ಅನ್ನುತ್ತಿದ್ದಳು.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಅವಳ ಹೊಲ, ಅದಕ್ಕೆ ಹೊಂದಿ ನಮ್ಮ ಹೊಲ, ನಡುವೆ ಒಂದು ಬದು. ಅವಳ ಬಳ್ಳಿ ಬದು ದಾಟಿ ಬಂದು ನಮ್ಮ ಕಡೆ ಕಾಯಿ ಬಿಡುತ್ತಿತ್ತು.

"ಬೇರು ನಂದು, ಅಕ್ಕಾ!" ಅನ್ನುವಳು ಅವಳು.

"ಕಾಯಿ ಮಲಗಿದ್ದು ನನ್ನ ಹೊಲದಾಗ."

ಮುಂಜಾನೆ ಅವಳು ಬಳ್ಳಿಯನ್ನು ತನ್ನ ಕಡೆ ತಿರುಗಿಸುವಳು, ಸಂಜೆಗೆ ನಾನು ನನ್ನ ಕಡೆ. ಬಳ್ಳಿಗೇ ತಲೆ ತಿರುಗಿರಬೇಕು.

ವರ್ಷದ ಬೈಗುಳವನ್ನೆಲ್ಲ ನಾನು ಬಿತ್ತುವ ದಿನಕ್ಕೆ ಕೂಡಿಡುತ್ತಿದ್ದೆ. ಬದುವಿನ ಮೇಲೆ ಕೂತು ನಿಧಾನಕ್ಕೆ ಬೈಯುವೆ. ಬಾಯಿ ತುಂಬ ಬೀಜ, ಅವಳು ಕಣ್ಣು ಬಿಡುವಳು ಅಷ್ಟೇ. ಮರುದಿನ ನಸುಕಿನಲ್ಲಿ ನಮ್ಮ ಬಾಗಿಲಿಗೆ ಬಂದು, ಒಂದನ್ನೂ ಮರೆಯದೆ ಉತ್ತರ ಕೊಟ್ಟು, ಚಹಾ ಕುಡಿದೇ ಹೋಗುವಳು.

ಒಂದು ವರ್ಷ ಮೆಹಬೂಬನ ತಲೆಯಲ್ಲಿ ಕಸದೆಣ್ಣೆ ಹೊಕ್ಕಿತು. ಅದನ್ನು ಹೊಡೆದರೆ ಕಳೆ ಸಾಯುತ್ತದೆ, ಸಜ್ಜೆ ಉಳಿಯುತ್ತದೆ. ಅಕ್ಕಡಿ ಸಾಲು ಮಾತ್ರ ಕಳೆಯ ಜತೆಗೇ ಸುಟ್ಟುಹೋಗುತ್ತದೆ. ತಾಯಿ ಒಪ್ಪುವುದಿಲ್ಲ ಅಂತ ಗೊತ್ತಿದ್ದೇ ಬಿತ್ತುವ ದಿನ ಕೇಳಿದ, ಕಳ್ಳ.

"ಅಮ್ಮಾ, ಈ ಸಲ ಕಸದೆಣ್ಣಿ ಹೊಡಿಲೇನು?"

ಅವಳು ಅಂದದ್ದು ಊಹೂಂ. ಬೀಜ ಗಂಟಲಿಗೆ ಇಳಿದವೋ ಏನೋ, ಮೊದಲರ್ಧ ಒಳಗೇ ಉಳಿದು ಹಿಂದಿನರ್ಧ ಮಾತ್ರ ಹೊರಬಂತು. "ಹೂಂ." ಮೆಹಬೂಬ ತಿರುಗಿಯೂ ನೋಡದೆ ಎತ್ತು ಹೊಡೆದ.

ಬಳ್ಳಿ ಎರಡೆಲೆ ಒಡೆದಾಗ ಬೆನ್ನಿಗೆ ಪಂಪು ಏರಿಸಿಕೊಂಡು ಬಂದ.

"ಏನೋ ಇದು? ನಾ ಊಹೂಂ ಅಂದಿದ್ನಿಲ್ಲೋ!"

"ಹೂಂ ಅಂದಿ. ಬೇಕಾದ್ರ ದೊಡ್ಡವ್ವನ್ನ ಕೇಳು."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಸುಳ್ಳು ಹೇಳುವವಳಲ್ಲ. "ನನಗ ಕೇಳಿದ್ದು ಹೂಂ. ಅದಕ್ಕ ಮೊದಲ ಏನರ ಇದ್ರ ಅಕಿನ ನುಂಗ್ಯಾಳ" ಅಂದೆ.

ಹುಸೇನಬಿ ನನ್ನನ್ನು ನೋಡಿದ ನೋಟಕ್ಕೆ ಎಣ್ಣೆಯೇ ಬೇಡ, ಹೊಲದ ಕಳೆಯೆಲ್ಲ ಒಣಗಬೇಕು. "ಆತು, ಮೊದಲ ಉಣ್ಣು ಬಾ" ಅಂದಳು ಮಗನಿಗೆ. ಬುತ್ತಿ ಬಿಚ್ಚಿ ಅವನಿಗೆ ಬರೀ ಒಣ ಕಟಕು ಸಜ್ಜೆ ರೊಟ್ಟಿ ಕೊಟ್ಟಳು. ಅಲಸಂದಿ ಪಲ್ಯದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು.

"ಅಮ್ಮಾ, ಪಲ್ಯ?"

"ಪಲ್ಯದ ಸಾಲ ಸುಡಾಕ ಬಂದಿಯಲ್ಲ, ಇವತ್ತಿಂದನ ರೂಢಿ ಮಾಡ್ಕೋ."

ಒಣ ತುತ್ತು ಅವನ ಗಂಟಲಲ್ಲಿ ಸಿಕ್ಕಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಆಗ ಕೇಳಿದಳು, "ಈಗ ಹೇಳಪಾ, ಎಣ್ಣಿ ಹೊಡಿತೀಯೇನು?"

"ಹೂಂ" ಅಂದ, ಕಣ್ಣಲ್ಲಿ ನೀರು ತುಂಬಿಕೊಂಡು.

"ಏನಂದ, ಅಕ್ಕಾ?" ಹುಸೇನಬಿ ನನ್ನ ಕಡೆ ತಿರುಗಿದಳು.

ಪಲ್ಯ ಛಲೋ ಆಗಿತ್ತು. ಬದು ದಾಟಿ ಬರುವ ಕಾಯಿಗಳ ನೆನಪೂ ಆಯಿತು. "ಊಹೂಂ ಅಂದ" ಅಂದೆ. ಪಂಪು ತುಂಬಿದ್ದು ತುಂಬಿದಂತೆಯೇ ಮನೆಗೆ ಹೋಯಿತು.

ಹೋದ ಬೇಸಗೆಯಲ್ಲಿ ಅವಳಿಗೆ ಲಕ್ವಾ ಹೊಡೆದು ಮಾತು ನಿಂತಿತು. ನೋಡಲು ಹೋದೆ. ಗಲ್ಲ ಒಂದು ಕಡೆ ಉಬ್ಬಿತ್ತು. "ಏನಬೇ, ಈಗಲೇ ಬೀಜ ತುಂಬ್ಕೊಂಡಿಯೇನು?" ಅಂದೆ. ಕಣ್ಣು ನಕ್ಕವು. ಬೈಯೋಣ ಅಂದರೆ ನಾಳೆ ಬಂದು ಉತ್ತರ ಕೊಡುವವಳಲ್ಲ. ಬೈಯಲಿಲ್ಲ.

ಮೆಹಬೂಬ ಬಾಗಿಲಲ್ಲಿ ನಿಂತು ಕೇಳಿದ, "ಅಮ್ಮಾ, ಹಿಂದ ಬರೋರು ಯಾರೂ ಇಲ್ಲ. ಅಕ್ಕಡಿ ಸಾಲ ಬಿಟ್ಟಬಿಡ್ಲೇನು?"

ಅವಳ ಗಂಟಲಲ್ಲಿ ಏನೋ ಸದ್ದಾಯಿತು.

"ದೊಡ್ಡವ್ವಾ, ಏನಂದ್ಳು?"

"ಊಹೂಂ ಅಂದ್ಳು."

ಮಳೆಗೆ ಮೊದಲೇ ಹೋದಳು. ಬಿತ್ತುವ ದಿನ ಮೆಹಬೂಬ ಬೀಜದ ಗಂಟನ್ನು ನನ್ನ ಉಡಿಗೆ ಹಾಕಿದ. "ನೀನ ಹೇಳಿದಾಕಿ, ನೀನ ಬಾ" ಅಂದ. ನನಗೆ ಹಲ್ಲಿಲ್ಲ, ಗಲ್ಲದಲ್ಲಿ ಬೀಜ ನಿಲ್ಲುವುದಿಲ್ಲ. ಅರ್ಧ ಉಗುಳಿದೆ, ಅರ್ಧ ನುಂಗಿದೆ. ಬದುವಿನ ಮೇಲೆ ಕೂತು ಬೈಯುವವರು ಯಾರೂ ಇರಲಿಲ್ಲ.