ಎಡಕ್ಕೆ ಒತ್ತಿದರೆ ಓನರ್ ಮನೆ

ಎಡಗಡೆ ಬಾಣದ ಕೀ ಒತ್ತಿದೆ ಅಷ್ಟೇ, ನನ್ನ ಆಟದ ಹುಡುಗಿ ಗೋಡೆಯಲ್ಲಿ ಮಾಯವಾಗಿ ಓನರ್ ಮನೆಯೊಳಗೆ ನಿಂತಿದ್ದಳು! ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಾ ಪೀಣ್ಯದ ನಮ್ಮ ವಠಾರವನ್ನೇ ಚೌಕಗಳಾಗಿಸಿ ಆಟ ಮಾಡಿದ್ದೆ. ಎಡತುದಿಯಲ್ಲಿ ನಮ್ಮ ರೂಮು, ಬಲತುದಿಯಲ್ಲಿ ಓನರ್ ಮನೆ. ಬಾಡಿಗೆಯವರಾದ ನಾವು ಅದರ ಹೊಸ್ತಿಲು ದಾಟಿದ್ದೇ ಇಲ್ಲ.

"ಯವ್ವಾ, ಒಳಗ ಹೊಕ್ಕೇಬಿಟ್ಟಾಳಲ್ಲ!" ರೂಮಿನಲ್ಲಿ ನನ್ನ ಜೊತೆಗಿರುವ ಯಾದಗಿರಿಯ ಶಾಂತಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಬರೆದ ಕೋಡನ್ನು ಮತ್ತೆ ಓದಿದೆ. ಆಮೇಲೆ ಹೊಳೆಯಿತು: ಆಟದಲ್ಲಿ ನಮ್ಮ ರೂಮಿನ ಸಂಖ್ಯೆ ಸೊನ್ನೆ. ಎಡಕ್ಕೆ ಒತ್ತಿ ಅದರಿಂದ ಒಂದು ಕಳೆದರೆ ಪೈಥಾನ್ ತಪ್ಪು ಎನ್ನುವುದಿಲ್ಲ, ಮೈನಸ್ ಒಂದೆಂದರೆ ಕೊನೆಯದು ಎಂದುಕೊಂಡು ಸಾಲಿನ ಕೊನೆಯ ಮನೆಗೆ ಕಳಿಸಿಬಿಡುತ್ತದೆ.

ಸರಿಪಡಿಸಲು ಹೊರಟೆ. ಶಾಂತಕ್ಕ ಕೈ ಹಿಡಿದರು. "ತಡೀಬ್ಯಾಡವಾ. ಒಳಗ ಹ್ಯಾಂಗೈತಿ, ನೋಡಿ ಬರ್ಲಿ."

ಅವಳನ್ನು ತಡೆಯಲು ಒಂದೇ ಸಾಲು ಕೋಡ್ ಸಾಕು. ಅದನ್ನು ನಾನಿನ್ನೂ ಬರೆದಿಲ್ಲ.